ಸದ್ದಿಲ್ಲದ ಹಿಮಬಂಡಿ

ಮಾಸೆ, ನವೆಂಬರ್ 6

ಮಾರೆತ್‌ಗೆ,

ಸಿಟ್ಟು ಇಳಿಯಿತೆಂದು ಬರೆಯುತ್ತಿಲ್ಲ. ಇಳಿದಿಲ್ಲ. ನೀನು ಸಾರಂಗದ ಹಿಂಡು ಬಿಟ್ಟು ಹೊರಟ ದಿನ ಗೇಟಿನ ಹತ್ತಿರ ನಿಂತು ನಾನು ಆಡಿದ ಮಾತು ಆಡಿದ ಹಾಗೇ ಇದೆ. ಬರೆಯುತ್ತಿರುವುದು ಏಕೆಂದರೆ, ನನಗೆ ಬ್ಯಾಟರಿ ವಿಷಯ ಬಲ್ಲವರು ಬೇಕು. ಬ್ಯಾಟರಿಯ ಮೇಲೆ ಓಡುವ ಹಡಗಿನಲ್ಲಿ ಕೆಲಸ ಮಾಡುವವರು ನನ್ನ ಪರಿಚಯದಲ್ಲಿ ನೀನೊಬ್ಬಳೇ.

ನಾನೊಂದು ಹಿಮಬಂಡಿ ಕಟ್ಟುತ್ತಿದ್ದೇನೆ. ಪೆಟ್ರೋಲಿನದ್ದಲ್ಲ, ಕರೆಂಟಿನದ್ದು. ತೀರಿಕೊಂಡ ನಿನ್ನ ಅಪ್ಪನ ಹಸಿರು ಬಂಡಿಯ ಎಂಜಿನ್ ಕಿತ್ತು ಹಾಕಿದೆ. ಚೌಕಟ್ಟು, ರಬ್ಬರ್ ಪಟ್ಟೆ, ಮುಂದಿನ ಎರಡು ಜಾರುಹಲಗೆಗಳು ಇನ್ನೂ ಗಟ್ಟಿಯಾಗಿವೆ. ಮೀನು ಕಾರ್ಖಾನೆಯ ಹಳೆಯ ಫೋರ್ಕ್‌ಲಿಫ್ಟಿನ ಮೋಟಾರು ಸಿಕ್ಕಿದೆ. ರಸ್ತೆಯಲ್ಲಿ ಗುದ್ದಿ ನುಜ್ಜುಗುಜ್ಜಾದ ಒಂದು ಕರೆಂಟು ಕಾರಿನ ಬ್ಯಾಟರಿಯನ್ನು ಒಂದು ಸಾರಂಗದ ಮಾಂಸ ಕೊಟ್ಟು ತಂದಿದ್ದೇನೆ. ಕಾರಿನವನಿಗೆ ಚಳಿಗಾಲದ ಊಟ, ನನಗೆ ಬ್ಯಾಟರಿ. ಇಬ್ಬರೂ ಖುಷಿಯಾಗಿದ್ದೇವೆ.

ಇದೆಲ್ಲ ಏಕೆ ಎಂದು ಕೇಳುತ್ತೀಯ. ಹೋದ ವಸಂತದಲ್ಲಿ ಹಿಂಡನ್ನು ಕರಾವಳಿಗೆ ಹೊಡೆದುಕೊಂಡು ಹೋಗುವಾಗ ಎಂಜಿನ್ನುಗಳ ಅಬ್ಬರಕ್ಕೆ ಗಬ್ಬದ ಸಾರಂಗಗಳು ಬೆದರಿ ಗುಡ್ಡ ಹತ್ತಿ ಓಡಿದವು. ಎಷ್ಟೋ ದಿನ ತುಂಬುವ ಮೊದಲೇ ಕಂದು ಹಾಕಿದವು. ಹಿಮದ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಇನ್ನೊಮ್ಮೆ ನೋಡಲಾರೆ.

ಅದೇ ವಲಸೆಯಲ್ಲಿ ನದಿಯ ಮಂಜುಗಡ್ಡೆ ಬಿರುಕು ಬಿಟ್ಟಾಗ ನಿನ್ನ ಚಿಕ್ಕಪ್ಪ ಯೋವ್ನಾ ‘ನಿಲ್ಲಿ ಅತ್ತಿಗೆ’ ಎಂದು ಕೂಗಿದನಂತೆ. ನಾನು ನಿಲ್ಲಲಿಲ್ಲವಂತೆ. ಕೂಗಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ? ಈಗ ಮನೆಮನೆಗೆ ಹೋಗಿ ಹೇಳುತ್ತಿದ್ದಾನೆ: ಬರುವ ವಸಂತಕ್ಕೆ ಅತ್ತಿಗೆ ಹಿಂಡಿನ ಮುಂದೆ ಬೇಡ, ಹಿಂದೆ ಸಾಮಾನಿನ ಜಾರುಬಂಡಿಯ ಜೊತೆ ಬರಲಿ. ಮದುವೆಯಾದ ವರ್ಷದಿಂದ ಹಿಂಡಿನ ಮುಂದೆ ಹೋದವಳು ನಾನು. ಪಾತ್ರೆ ಪಗಡೆ ಕಾಯುತ್ತಾ ಹಿಂದೆ ಬರುವವಳಲ್ಲ.

ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಈ ಬ್ಯಾಟರಿ ಬದುಕುತ್ತದೆಯೇ? ಅದನ್ನು ಬರೆ. ಪತ್ರವನ್ನೇ ಬರೆ. ಫೋನ್ ಮಾಡಬೇಡ, ಇಲ್ಲಿ ಸಿಗ್ನಲ್ ಸರಿಯಿಲ್ಲ.

ರಾವ್ನಾ


ಬೂಡೊ, ನವೆಂಬರ್ 21

ಅಮ್ಮನಿಗೆ,

ನಿಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಇಷ್ಟು.

ಚಳಿಯಲ್ಲಿ ಬ್ಯಾಟರಿ ಸಾಯುವುದಿಲ್ಲ, ಮಂಕಾಗುತ್ತದೆ. ಅರ್ಧ ಶಕ್ತಿ ಕೊಟ್ಟರೂ ಹೆಚ್ಚು. ಆದರೆ ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಅದಕ್ಕೊಂದು ಪೆಟ್ಟಿಗೆ ಮಾಡಿ, ಒಳಗೆ ಸಾರಂಗದ ಚರ್ಮ ಹೊದಿಸಿ, ಅಡಿಯಲ್ಲಿ ಕೋಳಿಮರಿ ಸಾಕುವವರು ಹಾಕುವಂಥ, ಕರೆಂಟಿನಿಂದ ಬಿಸಿಯಾಗುವ ಹಾಳೆ ಇಡಿ. ಮೊದಲು ಬೆಚ್ಚಗಾಗಬೇಕು, ಆಮೇಲೆ ಚಾರ್ಜ್.

ಕಾರಿನ ಬ್ಯಾಟರಿಯನ್ನು ಇಡಿಯಾಗಿ ಬಳಸಬೇಡಿ. ಅದರ ವೋಲ್ಟೇಜಿಗೆ ಮನುಷ್ಯರು ಉಳಿಯುವುದಿಲ್ಲ. ಬಿಡಿಸಿ, ಫೋರ್ಕ್‌ಲಿಫ್ಟಿನ ಮೋಟಾರಿಗೆ ಎಷ್ಟು ಬೇಕೋ ಅಷ್ಟನ್ನೇ ಜೋಡಿಸಿ. ಬಿಡಿಸುವಾಗ ರಬ್ಬರ್ ಕೈಗವಸು ಹಾಕಿ. ಬೆರಳಿನ ಉಂಗುರ, ನಡುವಿನ ಬೆಳ್ಳಿ ಪಟ್ಟಿ, ಎಲ್ಲವನ್ನೂ ತೆಗೆದಿಡಿ. ಒಬ್ಬರೇ ಇರುವಾಗ ಈ ಕೆಲಸ ಬೇಡ.

ಮಾರೆತ್


ಮಾಸೆ, ಡಿಸೆಂಬರ್ 11

ಮಾರೆತ್,

ನೀನು ನನಗೆ ‘ನೀವು’ ಎಂದು ಬರೆದಿದ್ದೀಯ. ಎರಡು ಸಲ ಓದಿದೆ. ನಾನು ನಿನ್ನ ಹಡಗಿನ ಕಪ್ತಾನಳಲ್ಲ. ನಿನ್ನ ಮೂಗು ಒರೆಸಿದವಳು.

ಉಂಗುರ ತೆಗೆಯಲು ಬರಲಿಲ್ಲ, ಬೆರಳು ದಪ್ಪವಾಗಿದೆ. ಮೇಲೆ ಟೇಪು ಸುತ್ತಿಕೊಂಡೆ. ಒಬ್ಬಳೇ ಮಾಡಬೇಡ ಎಂದೆಯಲ್ಲ, ಯೋವ್ನಾನನ್ನೇ ಕರೆದೆ. ಬಂದ. ಕೊಟ್ಟಿಗೆಯ ಬಾಗಿಲಲ್ಲಿ ಒಣಕೋಲು ಹಿಡಿದು ನಿಂತ.

‘ಅತ್ತಿಗೆ, ನಿಮಗೆ ಕರೆಂಟು ಹೊಡೆದರೆ ನಾನು ಏನ್ ಮಾಡ್ಬೇಕು?’

‘ಕೋಲಲ್ಲಿ ತಳ್ಳು.’

‘ಅದಕ್ಕೇ ಇಷ್ಟು ವರ್ಷ ಕಾಯ್ತಾ ಇದ್ದೆ ನೋಡಿ.’

ನಕ್ಕೆ. ಅವನಿಗೆ ಕಾಫಿ ಕೊಟ್ಟೆ, ನೆಂಟರಿಗೆ ಹಾಕುವ ಹಾಗೆ ಗಿಣ್ಣಿನ ತುಂಡು ಹಾಕಿಯೇ ಕೊಟ್ಟೆ. ಆದರೂ ಸಾಮಾನಿನ ಬಂಡಿಯ ಮಾತು ಬಿಡಲಿಲ್ಲ.

ಬಂಡಿ ಓಡಿತು. ಓಡಿತು ಎಂದರೆ ಅಂಗಳ ದಾಟಿತು. ಬ್ಯಾಟರಿ ಪೆಟ್ಟಿಗೆಯನ್ನು ಸೀಟಿನ ಹಿಂದೆ ಇಟ್ಟಿದ್ದೆ. ಪುಡಿಹಿಮಕ್ಕೆ ಇಳಿದದ್ದೇ ತಡ, ಹಿಂಭಾಗ ಹೂತುಹೋಗಿ ಮೂತಿ ಮೇಲಕ್ಕೆತ್ತಿ, ಊಟಕ್ಕೆ ಕೂತ ನಾಯಿಯ ಹಾಗೆ ನಿಂತಿತು. ನಾಯಿಗಳೇ ಬಂದು ಮೂಸಿ ನೋಡಿದವು. ಜಾರುಹಲಗೆಗಳು ಗಾಳಿಯಲ್ಲಿ, ನಾನು ಹಿಮದಲ್ಲಿ. ಏನು ಮಾಡಲಿ?

ಈಗ ಇಲ್ಲಿ ಸೂರ್ಯನಿಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು ಬರುತ್ತದೆ. ಅಷ್ಟರಲ್ಲೇ ಹೊರಗಿನ ಕೆಲಸ. ಉಳಿದದ್ದು ಕೊಟ್ಟಿಗೆಯ ದೀಪದಲ್ಲಿ.

ಅಮ್ಮ


ಬೂಡೊ, ಡಿಸೆಂಬರ್ 29

ಅಮ್ಮಾ,

ಸರಿ, ‘ನೀನು’.

ಕ್ರಿಸ್‌ಮಸ್ಸಿನಂದು ನನಗೆ ಡ್ಯೂಟಿ ಇತ್ತು. ಫೆರಿಯಲ್ಲಿ ಮೂವರೇ ಪ್ರಯಾಣಿಕರು. ಕೆಳಗಿನ ಬ್ಯಾಟರಿ ಕೋಣೆಯಲ್ಲಿ ಕೂತು ನಿನ್ನ ಬಂಡಿಯ ಚಿತ್ರ ಬರೆದೆ. ಇದರ ಜೊತೆ ಇಟ್ಟಿದ್ದೇನೆ. ಹಡಗಿನಲ್ಲಿ ಭಾರವನ್ನು ಹೊಟ್ಟೆಯಲ್ಲಿಡುತ್ತಾರೆ, ಬಾಲದಲ್ಲಲ್ಲ. ಪೆಟ್ಟಿಗೆಯನ್ನು ಎರಡು ಮಾಡು. ಒಂದು ಎಂಜಿನ್ ಇದ್ದ ಜಾಗಕ್ಕೆ, ಮೋಟಾರಿನ ಪಕ್ಕಕ್ಕೆ. ಇನ್ನೊಂದು ಸೀಟಿನ ಕೆಳಗೆ, ಆದಷ್ಟು ತಗ್ಗಿನಲ್ಲಿ. ನೀನು ಕೂತಾಗ ಬಂಡಿ ಮಟ್ಟಸವಾಗಿರಬೇಕು. ಕೊಟ್ಟಿಗೆಯ ನೆಲದ ಮೇಲೆ ಒಂದು ದಿಮ್ಮಿ ಇಟ್ಟು ಅದರ ಮೇಲೆ ಬಂಡಿ ಹತ್ತಿಸಿ ತೂಗಿನೋಡು, ಎಲ್ಲಿ ಸಮ ನಿಲ್ಲುತ್ತದೆಂದು ತಿಳಿಯುತ್ತದೆ.

ಇನ್ನೂ ಅಗಲದ ರಬ್ಬರ್ ಪಟ್ಟೆ ಸಿಕ್ಕರೆ ಹಾಕು. ಇಷ್ಟು ತೂಕಕ್ಕೆ ಅಪ್ಪನ ಪಟ್ಟೆ ಸಾಲದು.

ಉಂಗುರದ ಮೇಲೆ ಟೇಪು ಸುತ್ತಿದ್ದನ್ನು ಓದಿ ಇಲ್ಲಿನ ಎಂಜಿನಿಯರಿಗೆ ಹೇಳಿದೆ. ಆತ ಎದೆ ಹಿಡಿದುಕೊಂಡ. ಬೆರಳಿಗೆ ಸೋಪು ಹಚ್ಚಿ ಉಂಗುರ ತೆಗಿ, ಅಮ್ಮಾ.

ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳು. ಕೋಲು ಗಟ್ಟಿಯಾಗಿ ಹಿಡಿಯಲು ಹೇಳು.

ಮಾರೆತ್


ಮಾಸೆ, ಜನವರಿ 22

ಮಗಳೇ,

ಬಂಡಿ ಓಡುತ್ತಿದೆ! ಸೂರ್ಯ ಗುಡ್ಡದಾಚೆಯಿಂದ ಇಣುಕಿದ ವಾರವೇ ಅದನ್ನು ಕೆರೆಗೆ ಇಳಿಸಿದೆ. ಸಮತೂಕ ಎಷ್ಟು ಚೆನ್ನಾಗಿ ಬಂದಿದೆ ಎಂದರೆ ಒಂದು ಬೆರಳಲ್ಲಿ ತಿರುಗಿಸಬಹುದು. ಹಿಡಿ ತಿರುವಿದರೆ ಸಾಕು, ಕಾಯುವುದಿಲ್ಲ, ಕೆಮ್ಮುವುದಿಲ್ಲ, ಹೊಗೆ ಉಗುಳುವುದಿಲ್ಲ, ಹೊರಟೇಬಿಡುತ್ತದೆ. ಕೆರೆಯ ಆಚೆ ದಡಕ್ಕೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ಏನೂ ಸದ್ದಿಲ್ಲ. ಬಟ್ಟೆ ಒಣಹಾಕಿದ ಹಗ್ಗ ಅಲ್ಲಾಡುವಷ್ಟೂ ಸದ್ದಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಒಬ್ಬಳೇ ಹಲ್ಲು ಕಿರಿದುಕೊಂಡು ಕೂತಿದ್ದೆ.

ಆಮೇಲೆ ಹಿಂಡಿನ ಹತ್ತಿರ ಹೋದೆ. ಅದೇನಾಯಿತೋ, ಇನ್ನೂ ದೂರದಲ್ಲಿರುವಾಗಲೇ ಸಾರಂಗಗಳು ಕಿವಿ ನಿಮಿರಿಸಿ ಓಡಿಹೋದವು. ಪೆಟ್ರೋಲ್ ಬಂಡಿಗಿಂತ ಕೆಟ್ಟದಾಗಿ ಓಡಿದವು. ಮನೆಗೆ ಬಂದರೆ ನಾಯಿಗಳೂ ಕೊಟ್ಟಿಗೆಯ ಹಿಂದೆ ಅವಿತುಕೊಂಡವು. ಯೋವ್ನಾ ಕಿವಿ ಮುಚ್ಚಿಕೊಂಡು ಬಂದ.

‘ಏನ್ರೀ ಅತ್ತಿಗೆ ಇದು, ಹಲ್ಲು ಕೊರೆಯೋ ಡಾಕ್ಟರ ಯಂತ್ರದ ಹಾಗೆ ಕಿರುಚುತ್ತಲ್ಲ!’

ಅವನಿಗೆ ಹೊಟ್ಟೆಕಿಚ್ಚು. ಬೇರೇನೂ ಇಲ್ಲ. ಸಾರಂಗಗಳು ಹಸಿರು ಬಣ್ಣಕ್ಕೆ ಹೆದರಿರಬೇಕು. ಬಂಡಿಗೆ ಬಿಳಿ ಬಣ್ಣ ಬಳಿಯಬೇಕೆಂದಿದ್ದೇನೆ. ನಿನ್ನ ಅಭಿಪ್ರಾಯ ಬರೆ.

ಅಮ್ಮ


ಬೂಡೊ, ಫೆಬ್ರುವರಿ 5

ಅಮ್ಮಾ,

ಬಣ್ಣ ಬಳಿಯಬೇಡ.

ನಿನ್ನ ಪತ್ರ ಬಂದು ಕೆಲವು ದಿನ ಆಯಿತು. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಈಗ ಬಂಡಿಯ ವಿಷಯ ಮಾತ್ರ ಬರೆಯುತ್ತೇನೆ.

ಚಿಕ್ಕಪ್ಪ ಹೇಳಿದ ಸದ್ದು ನಿಜ. ಹೊಟ್ಟೆಕಿಚ್ಚಲ್ಲ. ಇಂಥ ಮೋಟಾರುಗಳು ಸೊಳ್ಳೆಯ ಹಾಗೆ ಕೀರಲು ದನಿಯಲ್ಲಿ ಕಿರುಚುತ್ತವೆ. ಮೋಟಾರನ್ನು ಕಬ್ಬಿಣದ ಚೌಕಟ್ಟಿಗೆ ನೇರವಾಗಿ ಬಿಗಿದರೆ ಇಡೀ ಬಂಡಿಯೇ ಗಂಟೆಯ ಹಾಗೆ ಮೊಳಗುತ್ತದೆ. ನೀನು ಹಾಗೇ ಬಿಗಿದಿದ್ದೀಯ ಅಲ್ಲವೇ? ಬಿಚ್ಚು. ಹಳೆಯ ಲಾರಿ ಟೈರು ಕತ್ತರಿಸಿ ನಾಲ್ಕು ಕಡೆ ದಪ್ಪ ಬಿಲ್ಲೆ ಇಡು. ಮೋಟಾರಿನ ಸುತ್ತ ಹಳೆಯ ಬೂಟುಗಳ ಒಳಗಿನ ಉಣ್ಣೆಯ ದಪ್ಪ ಬಟ್ಟೆ ಸುತ್ತು, ಗಾಳಿಗೆ ಮಾತ್ರ ದಾರಿ ಬಿಡು. ಚೈನು ತೆಗೆದು ಹಲ್ಲಿರುವ ಬೆಲ್ಟ್ ಹಾಕು. ಬೆಲ್ಟ್ ಕಳಿಸುತ್ತಿದ್ದೇನೆ.

ಪಾರ್ಸೆಲ್ಲಿನಲ್ಲಿ ಒಂದು ಸಣ್ಣ ಕರಿ ಡಬ್ಬಿ, ಅದರ ಮೇಲೊಂದು ಕೆಂಪು ದೀಪವಿದೆ. ಹಿಡಿಯ ಪಕ್ಕ ಅಂಟಿಸು. ಬಂಡಿ ಕಿರುಚಿದರೆ ದೀಪ ಹೊತ್ತುತ್ತದೆ. ಕಿರುಚದಿದ್ದರೆ ಇಲ್ಲ. ದೀಪ ಆರುವವರೆಗೂ ಬಿಲ್ಲೆ, ಬೆಲ್ಟು, ಬಟ್ಟೆ ಸರಿ ಮಾಡುತ್ತಾ ಇರು. ನಮ್ಮ ಎಲ್ಲ ಫೆರಿಗಳಲ್ಲೂ ಇಂಥದ್ದು ಇರುತ್ತದೆ.

ಚಳಿಗೆ ಹುಷಾರು.

ಮಾರೆತ್


ಮಾಸೆ, ಫೆಬ್ರುವರಿ 27

ಮಗಳೇ,

ಯಾವ ಫೆರಿಯಲ್ಲೂ ಇಂಥ ದೀಪ ಇರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಬೆಸುಗೆ ನಿನ್ನ ಕೈಯದ್ದು. ಚಿಕ್ಕವಳಿದ್ದಾಗ ರೇಡಿಯೋ ಕೆಡಿಸಿ ಕೂಡಿಸುತ್ತಿದ್ದೆಯಲ್ಲ, ಆಗಲೂ ಸೀಸವನ್ನು ಹೀಗೇ ಮುದ್ದೆ ಮುದ್ದೆಯಾಗಿ ಹಚ್ಚುತ್ತಿದ್ದೆ.

ದೀಪವನ್ನು ಹಿಡಿಯ ಪಕ್ಕ ಅಂಟಿಸಿದೆ. ಮೊದಲ ದಿನ ಅದು ಆರಲೇ ಇಲ್ಲ. ಕೆರೆಯ ಉದ್ದಕ್ಕೂ ಕೆಂಪಗೆ ಉರಿಯುತ್ತಲೇ ಇತ್ತು. ನಾನು ಬಂಡಿ ನಿಲ್ಲಿಸಿ ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತೆ. ಏನು ಯೋಚಿಸಿದೆನೆಂದು ಬರೆಯುವುದಿಲ್ಲ.

ಮಾರನೆಯ ದಿನ ಟೈರು ಕತ್ತರಿಸಿದೆ. ಉಣ್ಣೆಗೆ ನಿನ್ನ ಅಪ್ಪನ ಬೂಟುಗಳು ಬಲಿಯಾದವು. ಬೆಲ್ಟ್ ಹಾಕಿದ ಮೇಲೆ ದೀಪ ಮಿಣುಕತೊಡಗಿತು. ಎಡಗಡೆಯ ಬಿಲ್ಲೆ ದಪ್ಪ ಮಾಡಿದ ಮೇಲೆ ಪೂರ್ತಿ ಆರಿತು. ನಾಯಿಗಳು ಹೊರಗೆ ಬಂದವು. ಯೋವ್ನಾ ಬಂದು ಬಂಡಿಯ ಸುತ್ತ ಒಂದು ಸುತ್ತು ಹಾಕಿದ. ಈ ಸಲ ಕಿವಿ ಮುಚ್ಚಿಕೊಂಡಿರಲಿಲ್ಲ.

ನಿನ್ನ ಅಮ್ಮ


ಮಾಸೆ, ಮಾರ್ಚ್ 19

ಮಗಳೇ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ, ತಡೆಯಲಾಗಲಿಲ್ಲ.

ದೀಪ ಆರಿದ ಬಂಡಿಯಲ್ಲಿ ಹಿಂಡಿನ ಹತ್ತಿರ ಹೋದೆ. ಗಾಳಿ ಅವುಗಳ ಕಡೆಯಿಂದ ಬೀಸುತ್ತಿತ್ತು. ನನ್ನ ವಾಸನೆ ಸಿಗಲಿಲ್ಲ, ಸದ್ದೂ ಇಲ್ಲ. ಅವು ಹಿಮ ಕೆರೆದು ಕಲ್ಲುಹೂವು ತಿನ್ನುತ್ತಾ ತಲೆ ತಗ್ಗಿಸಿಕೊಂಡೇ ಇದ್ದವು. ಗೆದ್ದೆ ಅಂದುಕೊಂಡೆ. ಆಗ ಒಂದು ಮುದಿ ಹೆಣ್ಣು ಸಾರಂಗ ತಲೆಯೆತ್ತಿತು, ಅದರ ಮೂತಿಯ ಮುಂದೆಯೇ ನಾನು. ತೋಳ ಬರುವುದು ಹೀಗೆಯೇ ಅಲ್ಲವೇ, ಸದ್ದಿಲ್ಲದೆ? ಇಡೀ ಹಿಂಡು ಸಿಡಿದು ಚೂರಾಯಿತು. ಒಟ್ಟುಗೂಡಿಸುವಷ್ಟರಲ್ಲಿ ಕತ್ತಲಾಯಿತು. ಯೋವ್ನಾ ಮತ್ತು ಉಳಿದವರು ಎಂಜಿನ್ ಬಂಡಿಗಳಲ್ಲಿ ಬಂದು ಸಹಾಯ ಮಾಡಿದರು.

ಯೋವ್ನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ: ‘ಸಾಕು ಅತ್ತಿಗೆ. ಸಾಮಾನಿನ ಬಂಡಿ ಜೊತೆ ಬನ್ನಿ. ಯಾರೂ ನಿಮ್ಮನ್ನ ಕಡಿಮೆ ಅಂತ ತಿಳ್ಕೊಳಲ್ಲ.’

ಈಸ್ಟರ್ ಕಳೆದ ಮೇಲೆ ಅವನ ಅಡುಗೆಮನೆಯಲ್ಲಿ ಎಲ್ಲರೂ ಸೇರಿ ಯಾರು ಎಲ್ಲಿರಬೇಕೆಂದು ತೀರ್ಮಾನಿಸುತ್ತಾರೆ. ಬಂಡಿ ಸರಿಯಿದೆ. ಉಳಿದದ್ದನ್ನು ನಾನು ಸರಿ ಮಾಡುತ್ತೇನೆ. ಹೇಗೆಂದು ಇನ್ನೂ ತಿಳಿಯದು, ಅಷ್ಟೇ.

ಅಮ್ಮ


ಬೂಡೊ, ಮಾರ್ಚ್ 26

ಅಮ್ಮಾ,

ರಜೆ ಕೇಳಿದ್ದೆ, ಕೊಟ್ಟರು. ಈಸ್ಟರ್‌ಗೆ ಬರುತ್ತಿದ್ದೇನೆ. ಬಸ್ ನಿಲ್ಲುವಲ್ಲಿಗೆ ಬಂಡಿ ತಗೊಂಡು ಬಾ. ಬೇಡ ಎಂದು ಬರೆಯಬೇಡ, ಆ ಪತ್ರ ಇಲ್ಲಿಗೆ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ.

ಮಾರೆತ್


ಬೂಡೊ, ಏಪ್ರಿಲ್ 16

ಅಮ್ಮಾ,

ಕ್ಷೇಮವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಒಣಮಾಂಸ ಬಸ್ಸಿನಲ್ಲೇ ಅರ್ಧ ಖಾಲಿ, ಉಳಿದದ್ದಕ್ಕೆ ಇಲ್ಲಿ ಜಗಳ.

ಬರೆಯಲು ಒಂದು ಕಾರಣವಿದೆ. ನಾನು ಅಲ್ಲಿದ್ದ ದಿನಗಳಲ್ಲಿ ನಿನ್ನ ಬೆನ್ನ ಹಿಂದೆ ಕೆಲವು ಸಂಗತಿಗಳು ನಡೆದವು. ಅವು ನಿನಗೆ ತಿಳಿಯಲೇಬೇಕು, ಅದಕ್ಕೆ.

ಮೊದಲನೆಯದು, ನಾವಿಬ್ಬರೂ ಹಿಂಡಿನ ಹತ್ತಿರ ಹೋದ ದಿನದ್ದು. ನಾನು ನಿನ್ನ ಹಿಂದೆ ಕೂತಿದ್ದೆ. ಬಂಡಿ ಹಿಮದ ಮೇಲೆ ಬೆಣ್ಣೆಯಂತೆ ಜಾರುತ್ತಿತ್ತು. ನೀನು ದಾರಿಯುದ್ದಕ್ಕೂ ಚಿಕ್ಕಪ್ಪನನ್ನು ಬೈಯುತ್ತಿದ್ದೆ. ಅವರ ಟೋಪಿ, ಅವರ ನಾಯಿ, ಅವರು ಎರವಲು ಪಡೆದು ವಾಪಸ್ ಕೊಡದ ಗರಗಸ, ಅವರು ಮದುವೆಯಲ್ಲಿ ಹಾಡಿದ ರೀತಿ. ಮನಸ್ಸಿನಲ್ಲೇ ಬೈಯುತ್ತಿದ್ದೇನೆ ಎಂದು ನೀನು ತಿಳಿದಿದ್ದೆ, ಅಲ್ಲವೇ? ಅಮ್ಮಾ, ಅದು ಕಣಿವೆಯ ಆಚೆಗೂ ಕೇಳುತ್ತಿತ್ತು. ನಾನು ತಡೆಯಲು ಕೈ ಎತ್ತಿದೆ. ಅಷ್ಟರಲ್ಲಿ ಸಾರಂಗಗಳನ್ನು ನೋಡಿದೆ. ಅವು ದೂರದಿಂದಲೇ ಒಮ್ಮೆ ತಲೆಯೆತ್ತಿ, ‘ಓ, ಇವಳಾ’ ಎಂಬಂತೆ ನೋಡಿ, ಮತ್ತೆ ಮೇಯತೊಡಗಿದವು. ನಾವು ಅವುಗಳ ನಡುವೆಯೇ ಹಾದುಹೋದೆವು. ಒಂದೂ ಬೆದರಲಿಲ್ಲ. ಅವು ಹುಟ್ಟಿದಾಗಿನಿಂದ ಕೇಳಿದ ಬೈಗುಳ ಅದು. ಅವಕ್ಕೆ ಬೇಡವಾಗಿದ್ದದ್ದು ಎಂಜಿನ್ನಿನ ಸದ್ದು, ನಿನ್ನದಲ್ಲ. ನಾನು ಕೈ ಇಳಿಸಿದೆ. ನಿನ್ನ ಬೆನ್ನಿಗೆ ಹಣೆಯಿಟ್ಟು ನಕ್ಕದ್ದು ಅದಕ್ಕೇ. ನಾನು ಅಳುತ್ತಿದ್ದೇನೆಂದು ನೀನು ಅಂದುಕೊಂಡೆ. ಅದೂ ಸ್ವಲ್ಪ ನಿಜ.

ಇನ್ನು ಚಿಕ್ಕಪ್ಪನ ಅಡುಗೆಮನೆ. ‘ಮುಂದೆ ಹೋಗೋರಿಗೆ ಹಿಂದಿನವರ ಕೂಗು ಕೇಳ್ಬೇಕು, ನಾನು ಹೇಳೋದು ಅಷ್ಟೇ’ ಎಂದು ಅವರು ಹೇಳಿದಾಗ ನೀನು ಎದ್ದು ನಿಂತೆ. ಹೀಗೆ ಹೇಳಿದೆ: ‘ಕೇಳಲ್ಲ. ನನಗೆ ಕಿವಿ ಕೇಳಲ್ಲ ಯೋವ್ನಾ. ನಿನಗೂ ಗೊತ್ತು, ನನಗೂ ಗೊತ್ತು, ನನ್ನ ಮಗಳು ದೀಪ ಕಳಿಸಿದಾಗಿನಿಂದ ಅವಳಿಗೂ ಗೊತ್ತು. ಈಗ ನೀನು ಹೇಳು. ಎಂಜಿನ್ ಓಡ್ತಾ ಇರುವಾಗ ನಿನಗೆ ಯಾರ ಕೂಗು ಕೇಳುತ್ತೆ?’

ಆಮೇಲೆ ನೀನು ಹಿಂದಿನವರು ಕಾಣಲೆಂದು ಬಂಡಿಗೆ ಹಾಕಲು ನಾವು ತಂದಿದ್ದ ಎರಡು ಕನ್ನಡಿಗಳನ್ನು ಮೇಜಿನ ಮೇಲಿಟ್ಟು, ಕೈ ಮೇಲೆತ್ತಿದರೆ ನಿಲ್ಲು, ಅಡ್ಡ ಬೀಸಿದರೆ ತಿರುಗು ಎಂದು ತೋರಿಸತೊಡಗಿದೆ. ಎಲ್ಲರೂ ಶಾಲೆಯ ಮಕ್ಕಳ ಹಾಗೆ ಕೈ ಆಡಿಸಿದರು. ನೀನು ಗೆದ್ದೆ, ಹೋಗಿ ಕಾಫಿ ಬಗ್ಗಿಸಿಕೊಂಡೆ. ನಿನ್ನ ಬೆನ್ನು ನಮ್ಮ ಕಡೆ ಇತ್ತು.

ಆಗ ಚಿಕ್ಕಪ್ಪ ಮೇಜು ನೋಡುತ್ತಾ ನನಗೆ ಮಾತ್ರ ಹೇಳಿದರು: ‘ನದಿ ಮೇಲೆ ಅವತ್ತು ಗಂಟಲು ಹರಿಯೋ ಹಾಗೆ ಕೂಗಿದೆ ಕಣೇ. ತಿರುಗಿ ನೋಡ್ಲಿಲ್ಲ. ಹೋದರು ಅಂದ್ಕೊಂಡೆ. ಅಣ್ಣ ಹೋದ ಮೇಲೆ ನನಗಿರೋದು ಇವರೊಬ್ಬರು. ಸಾಮಾನಿನ ಬಂಡಿ ಜೊತೆ ಇದ್ದರೆ ಕಣ್ಣ ಮುಂದೆ ಇರ್ತಾರೆ ಅಂತ ಅಷ್ಟೇ.’

ಇದನ್ನು ನಿನಗೆ ಹೇಳಬೇಡ ಎಂದರು. ಹೇಳಲಿಲ್ಲ, ಬರೆದಿದ್ದೇನೆ.

ಫೋನಿನ ಮಾತು. ಊರಲ್ಲಿ ಸಿಗ್ನಲ್ ಬಹಳ ಚೆನ್ನಾಗಿದೆ. ಆದರೂ ನಾನು ಪತ್ರವನ್ನೇ ಬರೆಯುತ್ತೇನೆ. ನನಗೆ ಇದೇ ಇಷ್ಟವಾಗಿದೆ.

ನಿನ್ನ ಮಾರೆತ್


ಕರಾವಳಿಯ ಮೇವುಗುಡ್ಡ, ಮೇ 17

ಮಾರೆತ್, ನನ್ನ ಮುದ್ದು ಜಗಳಗಂಟಿ,

ಮುಟ್ಟಿದೆವು. ಯಾವುದೂ ಕಂದು ಹಾಕಲಿಲ್ಲ.

ನಾನು ಮುಂದೆ, ನನ್ನ ಹಿಂದೆ ಗಂಟೆ ಕಟ್ಟಿದ ಮುಂದಾಳು ಸಾರಂಗ, ಅದರ ಹಿಂದೆ ಹಿಂಡು. ಎಂಜಿನ್ ಬಂಡಿಗಳು ತೀರಾ ಹಿಂದೆ, ಗಬ್ಬದವುಗಳಿಂದ ದೂರ. ದಾರಿಯಲ್ಲಿ ಏನು ಬೈಯಬೇಕೋ ಎಲ್ಲ ಬೈದು ಮುಗಿಸಿದೆ. ಯೋವ್ನಾನ ವಿಷಯ ಮುಗಿದ ಮೇಲೆ ಸರ್ಕಾರ, ಆಮೇಲೆ ನಿನ್ನ ಹಡಗಿನ ಕಂಪನಿ. ಬ್ಯಾಟರಿ ಪ್ರತಿ ದಿನದ ದಾರಿಗೆ ಸಾಕಾಯಿತು. ಒಂದು ದಿನ ಮಾತ್ರ ಎದುರುಗಾಳಿಗೆ ಬಸವಳಿದು ಬಿಡಾರ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತುಹೋಯಿತು. ಯೋವ್ನಾ ಹಗ್ಗ ಕಟ್ಟಿ ಎಳೆದ. ಎಳೆಯುತ್ತಾ ಏನೋ ಹಾಡುತ್ತಿದ್ದ. ಕೇಳಿಸಲಿಲ್ಲ, ಆದರೆ ಭುಜ ಅಲ್ಲಾಡುತ್ತಿತ್ತು. ಬಿಡಾರದಲ್ಲಿ ಚಾರ್ಜ್ ಮಾಡಲು ಪೆಟ್ರೋಲ್ ಜನರೇಟರೇ ಬೇಕಾಯಿತು. ಅದನ್ನು ಗುಡ್ಡದ ಹಿಂದೆ ಇಟ್ಟೆವು. ಅದಕ್ಕೊಂದು ಉಪಾಯ ಬರುವ ವರ್ಷ ನೀನು ಹುಡುಕು.

ನದಿಯ ಹತ್ತಿರ ಕನ್ನಡಿಯಲ್ಲಿ ಯೋವ್ನಾನ ಕೈ ಮೇಲೆದ್ದದ್ದು ಕಂಡಿತು. ನಿಂತೆ. ಇಡೀ ಹಿಂಡು ನನ್ನ ಹಿಂದೆ ನಿಂತಿತು. ಅವನು ಮುಂದೆ ಬಂದು ಕೋಲಿನಿಂದ ಮಂಜುಗಡ್ಡೆ ಕುಟ್ಟಿ, ಮೇಲ್ಗಡೆ ಗಟ್ಟಿ ಜಾಗ ತೋರಿಸಿದ. ದಾಟಿದ ಮೇಲೆ ಅವನ ಹತ್ತಿರ ಹೋಗಿ, ‘ನಿನ್ನ ಕೂಗು ಕೇಳಿಸಿತು’ ಎಂದೆ. ಅವನು ಮೂಗು ಒರೆಸಿಕೊಂಡು ಗಾಳಿಯನ್ನು ಬೈದ. ನೀನು ಬರೆದದ್ದನ್ನು ನಾನು ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಕಿವಿಗೆ ಯಂತ್ರ ಹಾಕಿಸಿಕೊಳ್ಳಲು ಜೂನ್‌ನಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಹೋಗುತ್ತೇನೆ ಎಂದೆನಲ್ಲ, ಮತ್ತೆ ಮತ್ತೆ ಕೇಳಬೇಡ.

ನಿನ್ನೆಯ ಸಂಗತಿ ಹೇಳಿ ಮುಗಿಸುತ್ತೇನೆ. ಬೆಳಗ್ಗೆ ಗುಡ್ಡದ ಇಳಿಜಾರಿನಲ್ಲಿ ಬಂಡಿ ನಿಲ್ಲಿಸಿ ರೊಟ್ಟಿ ತಿನ್ನುತ್ತಿದ್ದೆ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಂದು ಹೆಣ್ಣು ಸಾರಂಗ ಮಲಗಿ ಈಯತೊಡಗಿತು. ಇಷ್ಟು ವರ್ಷದಲ್ಲಿ ಯಾವ ಸಾರಂಗವೂ ನನ್ನನ್ನು ಇಷ್ಟು ಹತ್ತಿರ ಬಿಟ್ಟುಕೊಂಡಿರಲಿಲ್ಲ. ನಾನು ರೊಟ್ಟಿ ಬಾಯಲ್ಲಿಟ್ಟುಕೊಂಡೇ ಕೂತೆ. ಕರು ಬಿತ್ತು, ಒದ್ದೆಯಾಗಿ, ಕಪ್ಪಗೆ. ತಾಯಿ ನೆಕ್ಕಿತು. ಅದು ಎದ್ದು, ಬಿದ್ದು, ಮತ್ತೆ ಎದ್ದು, ಸಮುದ್ರದ ಗಾಳಿಗೆ ನಡುಗುತ್ತಾ ಬಂದು ಬಂಡಿಯ ಮರೆಯಲ್ಲಿ, ನನ್ನ ಕಾಲ ಬುಡದಲ್ಲಿ ಮಡಚಿಕೊಂಡು ಮಲಗಿಬಿಟ್ಟಿತು. ತಾಯಿ ನನ್ನ ಮುಖ ನೋಡಿತು. ನಾನು ಅದರ ಮುಖ ನೋಡಿದೆ.

ಕೆಳಗಿನಿಂದ ಯೋವ್ನಾ ಎರಡೂ ಕೈ ಬೀಸಿ ಬೀಸಿ ಕರೆಯುತ್ತಿದ್ದ, ಬೇಲಿಯ ಕೆಲಸವಿತ್ತು. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿ, ಕರು ಏಳುವವರೆಗೂ ಅಲ್ಲೇ ಕೂತಿದ್ದೆ.

ನಿನ್ನ ಅಮ್ಮ